ಎರಡನೇ ಬ್ರೇಕು

ಫೆಬ್ರವರಿ 3, ಸೋಮವಾರ

ನಿನ್ನೆ ಅಣ್ಣ ಊಟಕ್ಕೆ ಬಂದಿದ್ದ. ಕೈ ಒರೆಸಿಕೊಳ್ಳುತ್ತಾ, "ಅಪ್ಪಾ, ಕಾರನ್ನ ನನ್ನ ಹೆಸರಿಗೆ ಮಾಡಿಸಿಬಿಡೋಣ" ಅಂದ. ಕಾರಿನ ಕಾಗದಗಳ ಅವಧಿ ಮೇ ತಿಂಗಳಿಗೆ ಮುಗಿಯುತ್ತದೆ. ಹೇಗೂ ಆರ್‌ಟಿಒ ಆಫೀಸಿಗೆ ಅಲೆಯಬೇಕು, ಅದೇ ಓಡಾಟದಲ್ಲಿ ಹೆಸರೂ ಬದಲಾಗಲಿ ಅನ್ನುವುದು ಅವನ ಯೋಚನೆ.

"ಹೆಸರು ಮಾತ್ರ ನಂದು. ಸ್ಟೇರಿಂಗು ನಿಮ್ಮದೇ. ಮುಂದಿನ ತಿಂಗಳಿಂದ ಪುಟ್ಟಿಗೆ ಹೊಸ ಶಾಲೆ, ಬೇಸಿಗೆ ರಜೇನೂ ಇಲ್ಲದ ಶಿಶುವಿಹಾರ, ದೂರ. ಬೆಳಿಗ್ಗೆ ಅವಳನ್ನ ಬಿಟ್ಟು ಬರೋದು ನಿಮ್ಮ ಡ್ಯೂಟಿ. ಮೂವತ್ತು ವರ್ಷ ಊರಿನವರಿಗೆಲ್ಲ ಕಾರು ಕಲಿಸಿದೋರು ನೀವು. ನಿಮಗಿಂತ ಒಳ್ಳೆ ಡ್ರೈವರ್ ನನಗೆಲ್ಲಿ ಸಿಗ್ತಾನೆ?"

ಅತ್ತಿಗೆ ನಕ್ಕಳು. ಪುಟ್ಟಿ "ತಾತನ ಕಾರು, ತಾತನ ಕಾರು" ಅಂತ ಕುಣಿದಳು. ಅಪ್ಪ "ನೋಡೋಣ" ಅಂದು ನೀರಿನ ಲೋಟಕ್ಕೆ ಕೈ ಚಾಚಿದರು. ಲೋಟವನ್ನು ನಾನು ಯಾವಾಗಲೂ ತಟ್ಟೆಯ ಬಲಕ್ಕೆ, ಸರಿಯಾಗಿ ಒಂದು ಗೇಣು ದೂರದಲ್ಲಿ ಇಡುತ್ತೇನೆ. ಅಲ್ಲೇ ಇತ್ತು. ಸಿಕ್ಕಿತು.

ನನಗೆ ಮಾತ್ರ ಗೊತ್ತು. ಅಪ್ಪನಿಗೆ ನೇರಕ್ಕೆ ಇರುವುದು ಕಾಣುವುದಿಲ್ಲ. ಗೊತ್ತಿದ್ದೂ ತಟ್ಟೆಗಳನ್ನು ಎತ್ತಿಕೊಂಡು ಒಳಗೆ ಹೋದೆ.

ಫೆಬ್ರವರಿ 4, ಮಂಗಳವಾರ

ಬಾಯಲ್ಲಿ ಹೇಳಲಾಗದ್ದನ್ನು ಇಲ್ಲಾದರೂ ಬರೆದಿಡುತ್ತೇನೆ. ಇದು ನಾನು ಇಸ್ತ್ರಿ ಕೆಲಸಕ್ಕೆ ಹೋಗುವ ಲಾಂಡ್ರಿಯಲ್ಲಿ ಬಿಸಾಕಿದ ರಸೀದಿ ಪುಸ್ತಕ, ಹಿಂಬದಿ ಖಾಲಿ ಇದೆ. ಬಚ್ಚಲುಮನೆಯ ಬಾಗಿಲು ಹಾಕಿಕೊಂಡು ಬರೆಯುತ್ತಿದ್ದೇನೆ.

ಅಪ್ಪನದು ಒಂದೇ ಕಾರಿನ ಡ್ರೈವಿಂಗ್ ಸ್ಕೂಲು. ಎರಡು ವರ್ಷದ ಹಿಂದೆ ಮುಚ್ಚಿದರು. ಸ್ಕೂಲು ಹೋದರೂ ಕಾರಿನ ಎರಡನೇ ಪೆಡಲ್‌ಗಳು ಉಳಿದವು. ಕಲಿಸುವವರು ಕೂರುವ ಎಡಗಡೆ ಸೀಟಿನ ಮುಂದೆ, ಕಾಲಡಿಯಲ್ಲೂ ಒಂದು ಕ್ಲಚ್ಚು, ಒಂದು ಬ್ರೇಕು. ಕಲಿಯುವವರು ತಪ್ಪಿದರೆ ಮೇಷ್ಟ್ರು ಅಲ್ಲಿಂದ ಒತ್ತುತ್ತಾರೆ. ಅಪ್ಪನದು ಒಂದು ನಿಯಮವಿತ್ತು. ಎರಡನೇ ಬ್ರೇಕು ಒತ್ತಿದ್ದು ಕಲಿಯುವವರಿಗೆ ತಿಳಿಯಬಾರದು. ತಾನೇ ನಿಲ್ಲಿಸಿದೆ ಅಂತ ಅವರಿಗೆ ಅನ್ನಿಸಬೇಕು. ಇಲ್ಲದಿದ್ದರೆ ಧೈರ್ಯ ಹುಟ್ಟುವುದಿಲ್ಲ. "ಒತ್ತಬೇಕು, ಬಾಯಿ ಮುಚ್ಕೊಂಡಿರಬೇಕು" ಅನ್ನುತ್ತಿದ್ದರು.

ದಿನವೂ ಬೆಳಿಗ್ಗೆ ಅಪ್ಪ ನನ್ನನ್ನು ಲಾಂಡ್ರಿಗೆ ಬಿಡುತ್ತಾರೆ. ಪಕ್ಕದ ಪಂಚರ್ ಅಂಗಡಿಯ ಮಾವ ಅವರ ಹಳೇ ಗೆಳೆಯ. ಸಂಜೆಯವರೆಗೆ ಅಲ್ಲೇ ಕೂತಿದ್ದು ನನ್ನ ಜೊತೆಯೇ ವಾಪಸ್ಸು. ಒಬ್ಬರೇ ಕಾರು ತೆಗೆಯುವುದೇ ಇಲ್ಲ. ಕೇಳಿದರೆ "ಒಬ್ಬನೇ ಎಲ್ಲಿಗೆ ಹೋಗ್ಲಿ, ಪೆಟ್ರೋಲು ದಂಡ" ಅನ್ನುತ್ತಾರೆ.

ಮೊದಲು ನಾನು ಹಿಂದೆ ಕೂರುತ್ತಿದ್ದೆ. ಎಂಟು ತಿಂಗಳ ಹಿಂದೆ ಒಂದು ದಿನ, "ಹಿಂದಿನ ಸೀಟಲ್ಲಿ ಸ್ಪ್ರಿಂಗು ಚುಚ್ಚುತ್ತೆ, ಮುಂದೆ ಬಾ" ಅಂದರು. ಅದೇ ವಾರ ನನಗೆ ಕ್ಯಾನ್ವಾಸ್ ಶೂ ತಂದುಕೊಟ್ಟರು. ಚಪ್ಪಲಿ ಜಾರುತ್ತದಂತೆ. ಮೂರನೆಯ ದಿನ ತಿರುವಿನಲ್ಲಿ ಹಾಲಿನ ಕ್ಯಾನು ಕಟ್ಟಿದ ಸೈಕಲ್ಲು ನೇರ ಎದುರಿಗೆ ನಿಂತಿತ್ತು. ಅಪ್ಪ ವೇಗ ಇಳಿಸಲಿಲ್ಲ. ಗೋಡೆಯ ಮೇಲಿನ ಬೆಕ್ಕನ್ನು ತೋರಿಸಿ "ನೋಡಲ್ಲಿ" ಅಂದರು. ಬೆಕ್ಕು ಕಂಡವರಿಗೆ ಸೈಕಲ್ಲು ಕಾಣಲಿಲ್ಲ. ನನ್ನ ಕಾಲು ತಾನಾಗಿಯೇ ಒತ್ತಿತು. ಕಾರು ನಿಂತಿತು.

"ನೋಡಿದ್ಯಾ, ಹಳೇ ಕಾಲು. ಗಕ್ಕನೆ ನಿಲ್ಲಿಸ್ತು" ಅಂದರು ಅಪ್ಪ.

ನಾನು ಬಾಯಿ ಮುಚ್ಚಿಕೊಂಡಿದ್ದೆ. ಅಂದಿನಿಂದ ಮುಚ್ಚಿಕೊಂಡೇ ಇದ್ದೇನೆ. ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು, ಬ್ರೇಕಿನ ಮೇಲೆ ಕಾಲಿಟ್ಟುಕೊಂಡು ಕೂರುತ್ತೇನೆ. ಆದರೆ ಮುಂದಿನ ತಿಂಗಳು ಆ ಸೀಟಿನಲ್ಲಿ ಕೂರುವವಳು ಪುಟ್ಟಿ. ಅವಳ ಕಾಲು ನೆಲವನ್ನೂ ಮುಟ್ಟುವುದಿಲ್ಲ.

ಫೆಬ್ರವರಿ 12, ಬುಧವಾರ

ಅಣ್ಣನಿಗೆ ಹೇಗೆ ಹೇಳಬೇಕು ಅಂತ ಇಸ್ತ್ರಿ ಹಾಕುತ್ತಾ ಮನಸ್ಸಿನಲ್ಲೇ ಅಭ್ಯಾಸ ಮಾಡಿದೆ. ಕಾಲರ್ ಮೇಲೆ ಒಂದು ಮಾತು, ತೋಳಿನ ಮೇಲೆ ಇನ್ನೊಂದು. "ಅಣ್ಣಾ, ಅಪ್ಪನ ಕಣ್ಣು ಸ್ವಲ್ಪ ಮಂಜು." "ಅಣ್ಣಾ, ಅಪ್ಪನಿಗೆ ವಯಸ್ಸಾಯ್ತಲ್ಲ." ಯಾವುದೂ ಸರಿಹೋಗಲಿಲ್ಲ.

ಪಕ್ಕದ ಮೇಜಿನ ದೊಡ್ಡಮ್ಮ, "ಅದೇ ಅಂಗಿಗೆ ಮೂರನೇ ಸಲ ಇಸ್ತ್ರಿ ಹಾಕ್ತಿದೀಯಲ್ಲೇ, ಆ ಅಂಗಿ ನಿನಗೇನು ಅನ್ಯಾಯ ಮಾಡ್ತು?" ಅಂದರು. ಎಲ್ಲರೂ ನಕ್ಕರು. ನನಗೆ ಕಿವಿ ಬಿಸಿಯಾಯಿತು.

ಮಧ್ಯಾಹ್ನ ಅಣ್ಣನಿಗೆ ಫೋನು ಮಾಡಿದೆ. "ಏನೇ, ನೀನು ಫೋನು ಮಾಡೋದಾ? ಆಕಾಶ ಬಿತ್ತಾ?" ಅಂದ. "ಏನಿಲ್ಲ, ಪುಟ್ಟಿ ಹೇಗಿದ್ದಾಳೆ ಅಂತ" ಅಂದು ಇಟ್ಟುಬಿಟ್ಟೆ. ಬಿಸಿ ತುಪ್ಪ ಬಾಯಲ್ಲಿದೆ.

ಫೆಬ್ರವರಿ 16, ಭಾನುವಾರ

ಅಣ್ಣ ತೆಳು ಕಾಗದ, ಪೆನ್ಸಿಲ್ ಹಿಡಿದು ಬಂದ. ಇಂಜಿನ್ನಿನ ಹಿಂದಿನ ತಗಡಿನಲ್ಲಿ ಕಾರಿನ ಚಾಸಿ ನಂಬರು ಕೊರೆದಿರುತ್ತದೆ. ಅದರ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜಿದರೆ ಅಂಕೆಗಳು ಮೂಡುತ್ತವೆ. ಹೆಸರು ಬದಲಾವಣೆಯ ಅರ್ಜಿಗೆ ಅದನ್ನು ಅಂಟಿಸಬೇಕಂತೆ.

"ಕೊಡಿಲ್ಲಿ. ಎಷ್ಟು ಕಾರಿಗೆ ಉಜ್ಜಿದ ಕೈ ಇದು" ಅಂದು ಅಪ್ಪ ಬಾನೆಟ್ ಎತ್ತಿದರು. ಅಣ್ಣ ಫೋನು ಬಂತೆಂದು ಗೇಟಿನ ಕಡೆ ಹೋದ. ಅಪ್ಪ ಬಗ್ಗಿ, ನಾಲಿಗೆ ಕಚ್ಚಿಕೊಂಡು, ಒಂದೇ ಸಮನೆ ಉಜ್ಜಿದರು. ತುಕ್ಕು ಹಿಡಿಯದಿರಲಿ ಅಂತ ಆ ತಗಡಿಗೆ ಅಪ್ಪ ವರ್ಷವರ್ಷವೂ ಬಣ್ಣ ಬಳಿಯುತ್ತಿದ್ದರು. ಅಂಕೆಗಳು ಬಣ್ಣದೊಳಗೆ ಮುಕ್ಕಾಲು ಮುಳುಗಿವೆ. ಆದರೂ ಕಾಣುತ್ತಿದ್ದವು. ಅಪ್ಪ ಉಜ್ಜುತ್ತಿದ್ದದ್ದು ಅವುಗಳಿಂದ ನಾಲ್ಕು ಬೆರಳು ಮೇಲೆ, ಬರಿಯ ತಗಡನ್ನು.

ಕಾಗದ ನನ್ನ ಕೈಗೆ ಕೊಟ್ಟು "ಹೇಗೆ ಬಂತು?" ಅಂದರು. ಕಾಗದದ ತುಂಬ ಬೂದಿ ಬಣ್ಣ, ಒಂದು ಅಂಕೆಯೂ ಇಲ್ಲ.

"ಚೆನ್ನಾಗಿ ಬಂದಿದೆ ಅಪ್ಪ."

ಅಷ್ಟರಲ್ಲಿ ಅಣ್ಣ ಬಂದು ಕಿತ್ತುಕೊಂಡ. "ಇದೇನಿದು? ಒಲೆ ಬೂದಿ ಬಳಿದ ಹಾಗಿದೆ!"

"ನಾನೇ ಉಜ್ಜಿದೆ. ಸರಿಯಾಗಿ ಬರಲಿಲ್ಲ" ಅಂದೆ.

"ನಿನಗೆ ಒಂದು ಕೆಲಸ ನೆಟ್ಟಗೆ ಬರುತ್ತಾ?" ಅಂದು ಅವನು ಇನ್ನೊಂದು ಕಾಗದ ತರಲು ಒಳಗೆ ಹೋದ.

ಅಪ್ಪ ಬಗ್ಗಿ ಬೆರಳಿನಿಂದ ತಗಡನ್ನು ಮೆಲ್ಲಗೆ ತಡವಿದರು. ಒಂದು ಕಡೆ ಬೆರಳು ನಿಂತಿತು. "ಇಲ್ಲಿ. ಇಲ್ಲಿ ಉಜ್ಜು" ಅಂದರು. ಬೆರಳು ತೆಗೆಯಲೇ ಇಲ್ಲ. ಉಗುರಿನಿಂದ ಬಣ್ಣ ಕೆರೆದು, ಅವರ ಬೆರಳಿನ ಪಕ್ಕದಿಂದ ಉಜ್ಜುತ್ತಾ ಹೋದೆ. ಒಂದೊಂದೇ ಅಂಕೆ ಎದ್ದು ಬಂತು.

ಫೆಬ್ರವರಿ 23, ಭಾನುವಾರ

ಅಕ್ಷರಗಳು ಸೊಟ್ಟ ಬರುತ್ತಿವೆ.

ಶಾಲೆಯ ದಾರಿ ಒಮ್ಮೆ ನೋಡಿ ಬರೋಣ ಅಂತ ಅಣ್ಣ ಪುಟ್ಟಿಯನ್ನು ಕರೆತಂದ. ನಾನು ಶೂ ಹಾಕಿಕೊಂಡು ಬರುವಷ್ಟರಲ್ಲಿ ಅವಳು ಮುಂದಿನ ಸೀಟಿನಲ್ಲಿ ಕೂತು ಬೆಲ್ಟು ಎಳೆದುಕೊಳ್ಳುತ್ತಿದ್ದಳು. ಅಪ್ಪ ಸ್ಟೇರಿಂಗ್ ಹಿಡಿದು ಕೂತಾಗಿತ್ತು. ಕೀ ಹಾಕಿದ್ದರು.

"ಪುಟ್ಟೀ, ಹಿಂದೆ ಬಾ ಕಂದಾ" ಅಂದೆ.

"ಊಹೂಂ. ಇದು ನನ್ನ ಸೀಟು."

"ಬಿಡೇ, ಆಸೆಪಡ್ತಾಳೆ. ಅವಳು ಅಲ್ಲೇ ಕೂರ್ಲಿ. ನೀನು ಹಿಂದೆ ಹತ್ತು, ಹತ್ತು" ಅಂದ ಅಣ್ಣ ಹಿಂದಿನಿಂದ.

ನಾನು ಹತ್ತಲಿಲ್ಲ. ಕಿಟಕಿ ಹಿಡಿದು ನಿಂತೇ ಇದ್ದೆ. ಯಾಕೋ ಅಪ್ಪನೂ ಕೀ ತಿರುಗಿಸಲಿಲ್ಲ. ಸಾಮಾನ್ಯವಾಗಿ ಕೂತ ತಕ್ಷಣ ತಿರುಗಿಸುತ್ತಾರೆ. ಇವತ್ತು ಕೀ ಮೇಲೆ ಕೈಯಿಟ್ಟುಕೊಂಡು ಹಾಗೇ ಇದ್ದರು.

"ಏನಾಗಿದೆ ನಿನಗೆ, ದೆವ್ವ ಮೆಟ್ಟಿದೋರ ಹಾಗೆ ನಿಂತಿದೀಯ?" ಅಂದ ಅಣ್ಣ.

"ಅಪ್ಪಂಗೆ ಕಣ್ಣು ಕಾಣಲ್ಲ" ಅಂದೆ.

ಹತ್ತು ರೀತಿ ಅಭ್ಯಾಸ ಮಾಡಿದ್ದೆ. ಬಂದದ್ದು ಇದು.

ಅಪ್ಪ ಕೀ ಹೊರಗೆಳೆದರು. "ಪುಟ್ಟೀನ ಇಳಿಸ್ಕೋ" ಅಂದು ಇಳಿದು, ಬಾಗಿಲನ್ನು ಮೆತ್ತಗೆ ಮುಚ್ಚಿ ಒಳಗೆ ಹೋದರು. ಎರಡು ಮೆಟ್ಟಿಲನ್ನೂ ಎಡವದೆ ಹತ್ತಿದರು.

ಅಣ್ಣನಿಗೆ ಎಲ್ಲ ಹೇಳಿದೆ. ಅವನು ಪುಟ್ಟಿಯನ್ನು ಇಳಿಸಿ ಎತ್ತಿಕೊಂಡ. "ಎಂಟು ತಿಂಗಳು! ರಸ್ತೇಲಿ ಹೋಗೋರೆಲ್ಲ ನಿನ್ನ ಒಂದು ಕಾಲನ್ನ ನಂಬ್ಕೊಂಡು ನಡೀತಿದ್ರಾ? ಒಂದು ದಿನ ನಿನಗೆ ತೂಕಡಿಕೆ ಬಂದಿದ್ರೆ? ನೀನು ಅಪ್ಪನ್ನ ಕಾಪಾಡಿದೆ ಅಂದ್ಕೊಂಡಿದೀಯಾ?"

ಅವನು ಹೇಳಿದ್ದು ಸರಿ. ಹಾಲಿನ ಸೈಕಲ್ಲು, ಕೋಲೂರಿದ ಒಬ್ಬ ಮುದುಕಿ, ಕೈ ಹಿಡಿದುಕೊಂಡು ದಾಟುತ್ತಿದ್ದ ಇಬ್ಬರು ಹುಡುಗಿಯರು. ಇಷ್ಟು ಜನರ ಮುಖ ನನಗೆ ನೆನಪಿದೆ. ಅವರಿಗೆ ಏನೂ ಗೊತ್ತಿಲ್ಲ.

ಫೆಬ್ರವರಿ 24, ಸೋಮವಾರ

ಲಾಂಡ್ರಿಗೆ ನಡೆದು ಹೋದೆ. ನಡೆದು ಬಂದೆ. ಅಪ್ಪ ಮಾತಾಡಲಿಲ್ಲ.

ಫೆಬ್ರವರಿ 27, ಗುರುವಾರ

ಇವತ್ತೂ ಇಲ್ಲ. ಲೋಟ ಅಲ್ಲೇ ಇಟ್ಟೆ. ಕುಡಿದರು.

ಮಾರ್ಚ್ 3, ಸೋಮವಾರ

ಅಣ್ಣ ರಜೆ ಹಾಕಿ ಅಪ್ಪನನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದ. ನಾನೂ ಹೋದೆ. ಡಾಕ್ಟರಮ್ಮ ಗೋಡೆಯ ಅಕ್ಷರ ಓದಲು ಹೇಳಿದರು. ಅಪ್ಪ ಕೋಳಿ ನೋಡುವ ಹಾಗೆ ಮುಖ ವಾರೆ ಮಾಡಿದರು. "ನೇರ ನೋಡಿ ಯಜಮಾನ್ರೇ" ಅಂದರು ಡಾಕ್ಟರಮ್ಮ. "ನೇರ ನೋಡಿದ್ರೆ ನೀವೇ ಮಾಯ" ಅಂದರು ಅಪ್ಪ.

ನಡುವಿನ ದೃಷ್ಟಿ ಹೋಗಿದೆ, ಸುತ್ತಲಿನದು ಉಳಿದಿದೆ. ಹೋದದ್ದು ಮತ್ತೆ ಬರುವುದಿಲ್ಲವಂತೆ. ನಡೆಯಬಹುದು, ಮನೆಯಲ್ಲಿ ಓಡಾಡಬಹುದು. ಕಾರು ಮಾತ್ರ ಇನ್ನು ಮುಟ್ಟುವಂತಿಲ್ಲ.

"ಎಷ್ಟು ದಿನದಿಂದ ಹೀಗೆ?" ಅಂತ ಕೇಳಿದರು.

"ಒಂದು ವರ್ಷ ಆಗ್ತಾ ಬಂತು" ಅಂದರು ಅಪ್ಪ.

ಅಂದರೆ ನನಗಿಂತ ಮೊದಲೇ ಅವರಿಗೆ ಗೊತ್ತಿತ್ತು. ಹಾಗಿದ್ದೂ ಯಾಕೆ ಓಡಿಸುತ್ತಿದ್ದರೋ. ಯಾವ ಧೈರ್ಯದ ಮೇಲೋ. ಬರುವಾಗ ಬಸ್ಸಿನಲ್ಲಿ ನನ್ನ ಪಕ್ಕದಲ್ಲೇ ಕೂತರು. ಬಸ್ಸು ಬ್ರೇಕು ಹಾಕಿದಾಗಲೆಲ್ಲ ನಮ್ಮಿಬ್ಬರ ಬಲಗಾಲುಗಳೂ ಒಟ್ಟಿಗೆ ನೆಲವನ್ನು ಒತ್ತುತ್ತಿದ್ದವು.

ಮಾರ್ಚ್ 14, ಶುಕ್ರವಾರ

ಅರ್ಜಿ ಬರೆಸಲು ಹೋಗಿದ್ದೆವು. ಆಫೀಸಿನ ಕಾಂಪೌಂಡಿನ ಹೊರಗೆ ಮಡಿಸುವ ಮೇಜು ಹಾಕಿಕೊಂಡು ಒಬ್ಬರು ಕೂರುತ್ತಾರೆ. ಬೆರಳೆಲ್ಲ ನೀಲಿ. ಎಲ್ಲರೂ ಅವರನ್ನು ಕಾರ್ಬನ್ ಮಾವ ಅನ್ನುತ್ತಾರೆ.

"ಕೊಡೋರು ಯಾರು, ತಗೊಳ್ಳೋರು ಯಾರು?" ಅಂದರು.

"ಕೊಡೋನು ನಾನು" ಅಂದರು ಅಪ್ಪ.

"ನಿಮ್ಮ ಮುಖ ನೋಡಿದ್ರೆ ಹಗುರಾದೋರ ಹಾಗಿದೆ. ಇವರ ಮುಖ ನೋಡಿದ್ರೆ ಕಳ್ಕೊಂಡೋರ ಹಾಗಿದೆ" ಅಂದು ಅವರು ಅಣ್ಣನನ್ನು ನೋಡಿ ನಕ್ಕರು. ಅಣ್ಣ ನಗಲಿಲ್ಲ. ಹೆಸರಾದ ಮೇಲೆ ಕಾರು ಮಾರಿಬಿಡುವುದು ಅಂತ ಅವನು ಆಗಲೇ ತೀರ್ಮಾನಿಸಿದ್ದ. ಕಣ್ಣೆದುರಿಗೆ ಇದ್ದರೆ ಅಪ್ಪ ಒಂದಲ್ಲ ಒಂದು ದಿನ ತೆಗೆಯುತ್ತಾರೆ ಅನ್ನುವ ಭಯ ಅವನಿಗೆ.

"ತಗೊಳ್ಳೋರು, ಮಗ" ಅಂತ ಬಾಯಲ್ಲಿ ಹೇಳಿಕೊಳ್ಳುತ್ತಾ ಕಾರ್ಬನ್ ಮಾವ ಪೆನ್ನಿನ ಕ್ಯಾಪು ತೆಗೆದರು.

"ಮಗ ಅಲ್ಲ. ಮಗಳು ಅಂತ ಬರೀರಿ."

ಹತ್ತೊಂಬತ್ತು ದಿನದಲ್ಲಿ ಅಪ್ಪ ನನ್ನ ವಿಷಯವಾಗಿ ಆಡಿದ ಮೊದಲ ಮಾತು ಅದು.

ಅಣ್ಣ ಎದ್ದು ನಿಂತ. "ಅಪ್ಪಾ, ತಮಾಷೆ ಮಾಡ್ತಿದೀರಾ? ಅವಳಿಗೆ ಸೈಕಲ್ಲೂ ಬರಲ್ಲ. ನಾಲ್ಕು ಜನರೆದುರು ತನ್ನ ಹೆಸರು ಹೇಳೋಕೆ ನಾಚ್ಕೋತಾಳೆ. ಕಾರು ಓಡಿಸ್ತಾಳಾ?"

"ಅರ್ಧ ಬರುತ್ತೆ."

"ಯಾವ ಅರ್ಧ?"

"ನಿಲ್ಲಿಸೋ ಅರ್ಧ. ಕಷ್ಟದ್ದು ಅದೇ. ಮುಂದೆ ಹೋಗೋದನ್ನ ಕತ್ತೆಗೂ ಕಲಿಸಬಹುದು."

ಕಾರ್ಬನ್ ಮಾವ ಪೆನ್ನು ಎತ್ತಿಹಿಡಿದುಕೊಂಡು ಮೂವರ ಮುಖವನ್ನೂ ಸರದಿಯಂತೆ ನೋಡಿದರು. ಅಣ್ಣ ಅರ್ಜಿಯನ್ನು ಅವರ ಕಡೆ ತಳ್ಳಿ, "ಬರೀರಿ, ಮಗಳು ಅಂತಾನೇ ಬರೀರಿ. ಆದ್ರೆ ಅಪ್ಪನ ಕೈಗೆ ಕೀ ಹೋಗಬಾರದು. ಅದು ನಿನ್ನ ಜವಾಬ್ದಾರಿ" ಅಂದ, ನನಗೆ.

"ಹೋಗಲ್ಲ" ಅಂದೆ. ಕೀ ಇಸಿದುಕೊಂಡು ಸೊಂಟಕ್ಕೆ ಸಿಕ್ಕಿಸಿಕೊಂಡೆ. ಭಾರ ಇದೆ.

ಮಾರ್ಚ್ 30, ಭಾನುವಾರ

ಕಲಿಯುವವರ ಲೈಸೆನ್ಸು ಸಿಕ್ಕಿದೆ. ಗೋದಾಮುಗಳ ಹಿಂದಿನ ಬಯಲಿನಲ್ಲಿ ಇದು ಏಳನೆಯ ಪಾಠ. ಅಲ್ಲಿಯವರೆಗೆ ಪಂಚರ್ ಮಾವ ಕಾರು ತಂದುಕೊಡುತ್ತಾರೆ. ಬಯಲಿನಲ್ಲಿ ನಾನು ಬಲಗಡೆ, ಅಪ್ಪ ಎಡಗಡೆ. ಜಾಗ ಬದಲಾಗಿದೆ, ಅಷ್ಟೆ.

ಅಪ್ಪ ಕಣ್ಣು ಮುಚ್ಚಿಕೊಂಡೇ ಪಾಠ ಹೇಳುತ್ತಾರೆ. "ಇಂಜಿನ್ನು ಕೆಮ್ಮುತ್ತಿದೆ, ಗೇರು ಇಳಿಸು." "ಎಡಗಡೆ ಚಕ್ರ ಜಲ್ಲಿ ಮೇಲೆ ಹೋಯ್ತು, ಕೇಳಿಸ್ತಾ?" ಮೂರು ಸಲ ಇಂಜಿನ್ನು ಬಂದ್ ಆಯಿತು. ಪಂಚರ್ ಮಾವ ಕಲ್ಲಿನ ಮೇಲೆ ಕೂತು, "ಮೇಷ್ಟ್ರೇ, ಕಾರಿಗೂ ನಿಮ್ಮ ಮಗಳ ನಾಚಿಕೆ ಅಂಟಿತು. ಮುಂದೆ ಬರೋಕೇ ಒಲ್ಲದು!" ಅಂತ ಕೂಗಿದರು.

"ನೀವು ಬಾಯಿ ಮುಚ್ಕೊಂಡ್ರೆ ಬರುತ್ತೆ ಮಾವ" ಅಂದೆ. ಅವರು ನಗುತ್ತಾ ನಗುತ್ತಾ ಕಲ್ಲಿನಿಂದ ಜಾರಿದರು.

ಬ್ರೇಕಿನ ಬಗ್ಗೆ ಅಪ್ಪ ಒಂದು ಮಾತೂ ಹೇಳಿಕೊಡಲಿಲ್ಲ.

ಏಪ್ರಿಲ್ 9, ಬುಧವಾರ

ವಿಪರೀತ ಸೆಕೆ. ಆಫೀಸಿನಲ್ಲಿ ಫ್ಯಾನು ಇತ್ತು, ಗಾಳಿ ಇರಲಿಲ್ಲ. ಮೂರನೇ ಕಿಟಕಿಯವರು ಐದನೇ ಕಿಟಕಿಗೆ ಹೋಗಿ ಅಂದರು. ಐದನೆಯವರು ಮೂರಕ್ಕೇ ಅಂದರು. ಮೂರನೆಯವರು ಮತ್ತೆ ಐದು ಅಂದಾಗ, "ಅಲ್ಲಿ ಹೋಗಿ ಬಂದಾಯ್ತು ಸರ್. ನಮ್ಮಪ್ಪನಿಗೆ ನಿಲ್ಲೋಕಾಗಲ್ಲ. ನೀವಿಬ್ಬರೂ ಮಾತಾಡ್ಕೊಳ್ಳಿ, ನಾವು ಇಲ್ಲೇ ಇರ್ತೀವಿ" ಅಂದೆ. ಅವರು ಕಾಗದ ತೆಗೆದುಕೊಂಡರು. ಅಣ್ಣ ನನ್ನನ್ನೇ ನೋಡುತ್ತಿದ್ದ. ಹೊಸ ಬಳೆ ಹಾಕಿಕೊಂಡಿದ್ದೆ, ಅದಕ್ಕಿರಬೇಕು.

ಒಳಗೆ ಅಧಿಕಾರಿ ಅಪ್ಪನನ್ನು ಕೇಳಿದರು. "ಸ್ವಂತ ಇಷ್ಟದಿಂದ ಕೊಡ್ತಿದೀರಾ? ಯಾರದೂ ಒತ್ತಾಯ ಇಲ್ಲ ತಾನೇ?"

"ಇಲ್ಲ."

"ಯಾಕೆ ಕೊಡ್ತಿದೀರಿ?"

ಹಿಂದೆ ಹತ್ತು ಹನ್ನೆರಡು ಜನ ಸಾಲಿನಲ್ಲಿದ್ದರು. ಅವರಲ್ಲಿ ಇಬ್ಬರು ಅಪ್ಪನ ಹತ್ತಿರ ಕಲಿತವರು. ಬಂದಾಗಲೇ "ನಮಸ್ಕಾರ ಮೇಷ್ಟ್ರೇ" ಅಂದಿದ್ದರು. ಅಪ್ಪ ಸುಳ್ಳು ಹೇಳಬಹುದಿತ್ತು. ವಯಸ್ಸಾಯಿತು ಅನ್ನಬಹುದಿತ್ತು.

"ನನ್ನ ಕಣ್ಣು ಹೋಗಿದೆ" ಅಂದರು. ಪಾಠ ಹೇಳುವ ಗಟ್ಟಿ ದನಿಯಲ್ಲೇ ಅಂದರು.

ಸಹಿ ಹಾಕುವ ಗೆರೆಯ ಮೇಲೆ ನನ್ನ ಬೆರಳಿಟ್ಟು, "ಇಲ್ಲಿ" ಅಂದೆ. ಅಪ್ಪ ನನ್ನ ಬೆರಳನ್ನು ಮುಟ್ಟಿ ನೋಡಿ, ಅದರ ಪಕ್ಕದಿಂದ ಬರೆದರು. ಒಂದು ಅಕ್ಷರವೂ ಗೆರೆ ದಾಟಲಿಲ್ಲ. ಅದರ ಕೆಳಗೆ ನಾನು ಬರೆದೆ.

ಪಂಚರ್ ಮಾವ ತಂದು ನಿಲ್ಲಿಸಿದ್ದ ಕಾರು ನೋಡಲು ಹೊರಗೆ ಬಂದ ಇನ್ಸ್‌ಪೆಕ್ಟರು ಎಡಗಡೆ ಬಾಗಿಲು ತೆಗೆದು ಬಗ್ಗಿದರು. "ಸ್ಕೂಲು ಮುಚ್ಚಿ ಎರಡು ವರ್ಷ ಅಂತೀರಿ. ಈ ಪೆಡಲ್‌ಗಳು ಇನ್ನೂ ಯಾಕಿವೆ? ಮನೆ ಬಳಕೆ ಕಾರಲ್ಲಿ ಇವು ಇರಬಾರದು. ಬಿಚ್ಚಿಸಿ ತಂದು ತೋರಿಸಿ, ಆಮೇಲೆ ನಿಮ್ಮ ಹೆಸರು ಬರುತ್ತೆ."

ಅಪ್ಪನ ಮುಖ ಅಷ್ಟು ಹೊತ್ತೂ ಗಟ್ಟಿಯಾಗಿತ್ತು. ಆಗ ಮಾತ್ರ ಗದ್ದ ಅದುರಿತು.

ಏಪ್ರಿಲ್ 27, ಭಾನುವಾರ

ಶುಕ್ರವಾರ ಡ್ರೈವಿಂಗ್ ಪರೀಕ್ಷೆ ಪಾಸಾದೆ. ಇವತ್ತು ಪೆಡಲ್ ಬಿಚ್ಚಿದೆವು. ಪಂಚರ್ ಮಾವ ಸ್ಪ್ಯಾನರು ತಂದಿದ್ದರು. "ನಾನೇ ಬಿಚ್ತೀನಿ, ಹಾಕಿದೋನು ನಾನು" ಅಂದರು ಅಪ್ಪ. ಯಾರೂ ಅಡ್ಡ ಬರಲಿಲ್ಲ. ಕಾರಿನ ನೆಲದ ಮೇಲೆ ಅಡ್ಡ ಮಲಗಿ, ಕೈಯಿಂದ ತಡವಿ ತಡವಿ ಬೋಲ್ಟು ಬಿಚ್ಚಿದರು. ಕ್ಲಚ್ಚು ಸುಲಭವಾಗಿ ಬಂತು. ಬ್ರೇಕು ಬರಲಿಲ್ಲ. ನಾನೂ ಬಗ್ಗಿ ಸ್ಪ್ಯಾನರಿನ ಮೇಲೆ ಕೈಯಿಟ್ಟೆ. ಇಬ್ಬರೂ ಒತ್ತಿದೆವು, ಬಂತು.

ಅಪ್ಪ ಅದನ್ನು ಬನಿಯನ್ನಿಗೆ ಒರೆಸಿದರು. ಹೆಬ್ಬೆರಳಿನಿಂದ ರಬ್ಬರು ಸವರಿದರು. ಒಂದು ಕಡೆ ಶೂ ಉಜ್ಜಿ ಉಜ್ಜಿ ನುಣ್ಣಗಾಗಿದೆ.

"ಸಣ್ಣ ಕಾಲಿನ ಗುರುತು" ಅಂದರು.

ಎಲ್ಲಿಡಲಿ ಅಂತ ಕೇಳಿದೆ. "ನಿನ್ನ ಹತ್ತಿರ ಇಟ್ಕೋ" ಅಂದರು. ಈಗ ಇಲ್ಲೇ ಊಟದ ಮೇಜಿನ ಮೇಲೆ, ಈ ಪುಸ್ತಕ ಹಾರದ ಹಾಗೆ ಅದನ್ನೇ ಭಾರಕ್ಕೆ ಇಟ್ಟುಕೊಂಡು ಬರೆಯುತ್ತಿದ್ದೇನೆ. ಅಪ್ಪ ಎದುರಿಗೆ ಕೂತಿದ್ದಾರೆ. "ಏನು ಬರೀತೀಯ?" ಅಂದರು. "ಕಾರಿನ ವಿಷಯ" ಅಂದೆ.

ಮೇ 12, ಸೋಮವಾರ

ಶನಿವಾರ ಹೊಸ ಕಾಗದ ಬಂತು. ಅದರಲ್ಲಿ ನನ್ನ ಹೆಸರಿದೆ, ಅದರ ಕೆಳಗೆ ಅಪ್ಪನ ಹೆಸರು, ತಂದೆ ಅಂತ.

ಇಷ್ಟು ದಿನ ಪುಟ್ಟಿಯನ್ನು ಬಸ್ಸಿನಲ್ಲಿ ಬಿಡುತ್ತಿದ್ದ ಅಣ್ಣ ಇವತ್ತು ಅವಳನ್ನು ನಮ್ಮ ಮನೆಗೆ ತಂದು ಬಿಟ್ಟ. "ಹುಷಾರು ಕಣೇ" ಅಂದ. ಎರಡು ಹೆಜ್ಜೆ ಹೋದವನು ವಾಪಸು ಬಂದು, ಹಿಂದಿನ ಸೀಟಿನಲ್ಲಿ ಅವಳ ಬೆಲ್ಟು ತಾನೇ ಎಳೆದು ನೋಡಿದ. ಅಪ್ಪ ಎಡಗಡೆ ಹತ್ತಿದರು. ಕಾಲಿನ ಕೆಳಗೆ ಪೆಡಲ್ ಇದ್ದಲ್ಲಿ ಈಗ ಎರಡು ತೂತು, ಮೇಲೊಂದು ಮ್ಯಾಟು.

ಹಾಲಿನ ಸೈಕಲ್ಲು ಸಿಕ್ಕಿದ್ದ ಅದೇ ತಿರುವು. ಒಬ್ಬ ಹೆಂಗಸು ತಳ್ಳುಗಾಡಿ ತಳ್ಳಿಕೊಂಡು ಇದ್ದಕ್ಕಿದ್ದಂತೆ ರಸ್ತೆಗೆ ಇಳಿದಳು. ಅಪ್ಪನಿಗೆ ಅವಳು ಕಾಣುವ ಹಾಗಿಲ್ಲ. ಗಾಡಿಯ ಚಕ್ರದ ಗಡಗಡ ಕೇಳಿಸಿರಬೇಕು. ಅವರ ಬಲಗಾಲು ಮ್ಯಾಟನ್ನು ಬಲವಾಗಿ ಒತ್ತಿತು.

ಕಾರು ನಿಂತಿತು. ಗಾಡಿ ದಾಟಿಹೋಯಿತು. ಅಪ್ಪನ ಕಾಲು ಇನ್ನೂ ಒತ್ತಿಕೊಂಡೇ ಇತ್ತು. ನನ್ನದೂ.

"ಯಾರು ನಿಲ್ಸಿದ್ದು? ಅತ್ತೆ, ನೀನಾ?" ಅಂದಳು ಪುಟ್ಟಿ ಹಿಂದಿನಿಂದ.

"ತಾತ ಕಣೇ. ಹಳೇ ಕಾಲು, ಗಕ್ಕನೆ ನಿಲ್ಲಿಸ್ತು" ಅಂದೆ.

ಅಪ್ಪ ಮುಖವನ್ನು ಆಚೆ, ಕಿಟಕಿಯ ಕಡೆ ತಿರುಗಿಸಿದರು. ನೇರ ನೋಡಿದರೆ ಅವರಿಗೆ ನಾನು ಕಾಣುವುದಿಲ್ಲ. ಹಾಗೆ ತಿರುಗಿಕೊಂಡು, ಕಣ್ಣಂಚಿನಿಂದ, ಶಾಲೆ ಬರುವವರೆಗೂ ನನ್ನನ್ನು ನೋಡುತ್ತಾ ಕೂತಿದ್ದರು.